ಹಿಂದಿನ ಸೀಟು ಖಾಲಿಯಿಲ್ಲ

ಬ್ರೇಕ್ ಮೇಷ್ಟ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತು ವರ್ಷಗಳಿಂದ ಕಾರು ಓಡಿಸಲು ಕಲಿಸುತ್ತಿರುವ ಈ ಮನುಷ್ಯ ಕಾರಿಗೆ ಹೆದರುವಷ್ಟು, ಸ್ಟಿಯರಿಂಗ್ ಮುಂದೆ ಮೊದಲ ಸಲ ಕೂತವರೂ ಹೆದರುವುದಿಲ್ಲ. ಕಲಿಯುವವರು ತಪ್ಪಿದರೆ ಗಾಡಿ ನಿಲ್ಲಿಸಲೆಂದು ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಅದರ ರಬ್ಬರು ಸವೆದು ನುಣ್ಣಗಾಗಿತ್ತು. ದೂರದಲ್ಲಿ ಪ್ಲಾಸ್ಟಿಕ್ ಚೀಲ ಹಾರಿದರೂ ಸಾಕು, ಅವರ ಮೊಣಕಾಲು ಮೇಲೇಳುತ್ತಿತ್ತು, ಪಾದ ಕೆಳಗಿಳಿಯುತ್ತಿತ್ತು. ಹಾಗಾದರೆ ಈ ಕೆಲಸಕ್ಕೆ ಯಾಕೆ ಬಂದರು ಎಂದು ಕೇಳಬೇಡಿ. ಮಾವನ ಕಾರು ಸಿಕ್ಕಿತು, ಮಾವನ ಡ್ರೈವಿಂಗ್ ಸ್ಕೂಲಿನ ಬೋರ್ಡು ಸಿಕ್ಕಿತು, ಬೇರೆ ಕೆಲಸ ಸಿಗಲಿಲ್ಲ.

ಇಷ್ಟು ವರ್ಷ ನೂಕಿದ್ದು ಅಮ್ಮ ಹೇಳಿಕೊಟ್ಟ ಒಂದು ಮಾತಿನ ಬಲದಿಂದ. ಚಿಕ್ಕವರಿದ್ದಾಗ ಹಿತ್ತಲ ಕೋಣೆಗೆ ಒಬ್ಬರೇ ಹೋಗಲು ಹೆದರಿ ಅತ್ತರೆ ಅಮ್ಮ, "ಹೆದರೋರ ಪಕ್ಕದಲ್ಲೇ ಇರ್ತೀನಿ ಅಂತ ದೇವರು ಮಾತು ಕೊಟ್ಟಿದಾನೆ ಕಣೋ. ಆ ಮಾತು ನೆನಪಿಸು, ಸಾಕು" ಎನ್ನುತ್ತಿದ್ದಳು. ಕಾರು ಕೈಗೆ ಬಂದ ದಿನ ಮೇಷ್ಟ್ರು ಕೂತು ಯೋಚಿಸಿದರು. ಪಕ್ಕದ ಸೀಟಿನಲ್ಲಿ ಕಲಿಯುವವರು ಇರುತ್ತಾರೆ, ಅಂದ ಮೇಲೆ ದೇವರಿಗೆ ಉಳಿಯುವುದು ಹಿಂದಿನ ಸೀಟೇ. ಅಂದಿನಿಂದ ಅಲ್ಲಿ ಒಂದು ಛತ್ರಿ ಇಡಲೂ ಅವರು ಬಿಟ್ಟಿಲ್ಲ. ಯಾರ ಗಂಡನಾದರೂ ತಾನೂ ಹಿಂದೆ ಕೂರುತ್ತೇನೆಂದರೆ "ಸೀಟು ಖಾಲಿಯಿಲ್ಲ" ಎಂದುಬಿಡುತ್ತಾರೆ. ಆತ ಖಾಲಿ ಸೀಟನ್ನೊಮ್ಮೆ ಮೇಷ್ಟ್ರನ್ನೊಮ್ಮೆ ನೋಡಿ, ಹೆಂಡತಿಗೆ ಹುಷಾರು ಹೇಳಿ ಹೊರಡುತ್ತಾನೆ.

ಪ್ರಾರ್ಥನೆಯೂ ಕಸುಬಿನ ಧಾಟಿಯಲ್ಲೇ ಇರುತ್ತಿತ್ತು. "ದೇವರೇ, ಎಡಗಡೆ ಸೈಕಲ್ ಬರ್ತಿದೆ, ನೋಡ್ಕೋ. ಮುಂದೆ ಉಬ್ಬು, ನಿಧಾನ. ಕನ್ನಡಿ ನೋಡಪ್ಪ, ಕನ್ನಡಿ." ಇದು ತಮಗೆ ಹೇಳಿದ್ದೋ ಮೇಲಿನವನಿಗೆ ಹೇಳಿದ್ದೋ ತಿಳಿಯದೆ ಕಲಿಯುವವರು ಯಾವುದಕ್ಕೂ ಇರಲಿ ಎಂದು ಕನ್ನಡಿ ನೋಡುತ್ತಿದ್ದರು. ದೇವರು ನೋಡಿದನೋ ಇಲ್ಲವೋ ಗೊತ್ತಿಲ್ಲ.

ಪೇಚಿಗೆ ಸಿಕ್ಕಿಸಿದವಳು ಮೇಷ್ಟ್ರ ಅಕ್ಕ. ಅವಳಿಗೆ ಐವತ್ತನಾಲ್ಕು ವರ್ಷ. ಅದರಲ್ಲಿ ಇಪ್ಪತ್ತಾರನ್ನು ಗ್ರಂಥಾಲಯದ ಕಿಟಕಿಯಿಲ್ಲದ ಕೋಣೆಯಲ್ಲಿ, ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸುತ್ತಾ ಕಳೆದಿದ್ದಳು. ಈಗ ಗ್ರಂಥಾಲಯಕ್ಕೆ ಒಂದು ವ್ಯಾನು ಬಂದಿತ್ತು, ಬೀದಿ ಬೀದಿಗೆ ಪುಸ್ತಕ ಒಯ್ಯಲು. ಶುಕ್ರವಾರದೊಳಗೆ ಲೈಸೆನ್ಸ್ ತಂದರೆ ವ್ಯಾನು ಅವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ. ಬಿಸಿಲು ಕಾಣುವ ಕೆಲಸ ಎಂದು ಅಕ್ಕ ಆಸೆಪಟ್ಟಿದ್ದಳು.

ಆದರೆ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು, ಎರಡೂ ಸಲ ತಮ್ಮನ ದಯೆಯಿಂದ. ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಮುಂದೆ ಕೂರುತ್ತಾರೆ. ಕಾರಿನ ಜೊತೆ ಇರಲೇಬೇಕಾದ ಮೇಷ್ಟ್ರು ಹಿಂದೆ, ದೇವರ ಸೀಟಿನಲ್ಲಿ ಕೂರಬೇಕು. ಅಲ್ಲಿ ಬ್ರೇಕಿಲ್ಲ. ಮೊದಲ ಸಲ ಅವರು "ದೇವರೇ, ಕಾಪಾಡು" ಎಂದು ಕೂಗಿದ್ದಕ್ಕೆ ಅಕ್ಕ ಗಕ್ಕನೆ ಕಾರು ನಿಲ್ಲಿಸಿದಳು, ಇನ್ಸ್‌ಪೆಕ್ಟರ ಕನ್ನಡಕ ಹಾರಿ ಬಿತ್ತು. ಎರಡನೇ ಸಲ ಹಿಂದಿನಿಂದ ಕೈ ಚಾಚಿ ಹ್ಯಾಂಡ್‌ಬ್ರೇಕನ್ನೇ ಎಳೆದರು. ಆಮೇಲೆ ನಾಚಿಕೆಯಾಗಿ, ಬೇರೆಯವರ ಪಾಠವನ್ನೆಲ್ಲ ಮುಂದೂಡಿ, ಮೂರು ವಾರ ಅಕ್ಕನೊಬ್ಬಳಿಗೇ ಕಲಿಸಿದರು.

ಶುಕ್ರವಾರ ಬೆಳಿಗ್ಗೆ, ಮೂರನೇ ಪರೀಕ್ಷೆಗೆ ಮುಂಚೆ, ಟೈರಿಗೆ ಗಾಳಿ ಹಾಕಿಸಲು ಹೋದಾಗ ಗ್ಯಾರೇಜಿನವನು ಗೇಣುದ್ದದ ಒಂದು ಕಬ್ಬಿಣದ ರಾಡು ತಂದು ತೋರಿಸಿದ.

"ಮೇಷ್ಟ್ರೇ, ಇದು ನಿಮ್ದೇ ಇರ್ಬೇಕು. ಕ್ಲಚ್ ಕೆಲಸಕ್ಕೆ ಬಿಚ್ಚಿದ್ದು, ವಾಪಸ್ ಹಾಕೋದು ಮರ್ತೋಯ್ತು."

"ಏನಿದು?"

"ನಿಮ್ಮ ಕಡೆ ಬ್ರೇಕಿಂದು. ಮೂರು ವಾರದಿಂದ ನೀವು ಒತ್ತುತ್ತಿದ್ದದ್ದು ಬರೀ ಗಾಳೀನ."

ಮೇಷ್ಟ್ರು ಅಲ್ಲೇ ಟೈರಿನ ಮೇಲೆ ಕುಸಿದು ಕೂತರು. ದಿನಕ್ಕೆ ಏನಿಲ್ಲವೆಂದರೂ ಎಂಬತ್ತು ಸಲ ಒತ್ತಿದ್ದರು, ಎಂಬತ್ತು ಸಲವೂ ಕಾರು ನಿಂತಿತ್ತು. ಹಾಗಾದರೆ ನಿಲ್ಲಿಸಿದ್ದು ಯಾರು? ಅವರ ಮೈ ಜುಮ್ಮೆಂದಿತು. ರಾಡು ಹಾಕಿಸಲು ಹೊತ್ತಿರಲಿಲ್ಲ. ಅದನ್ನು ಜೇಬಿಗೆ ತುರುಕಿಕೊಂಡು ಪರೀಕ್ಷೆಗೆ ಹೋದರು.

ಇನ್ಸ್‌ಪೆಕ್ಟರು ಈ ಸಲ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬಂದಿದ್ದರು. "ಹಿಂದಿನಿಂದ ಒಂದು ಸದ್ದು ಬಂದ್ರೂ ನಾನು ಇಳಿದು ಹೋಗ್ತೀನಿ" ಎಂದರು. ಮೇಷ್ಟ್ರು ಕರ್ಚೀಫನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡರು.

ಕಾರು ಹೊರಟಿತು. ಒಳಗೊಳಗೇ ಪ್ರಾರ್ಥನೆ ಎಂದಿನಂತೆ ಶುರುವಾಯಿತು: ದೇವರೇ, ಬಲಗಡೆ ಬಸ್ಸು, ಮುಂದೆ ತಿರುವು, ಕನ್ನಡಿ. ಅಷ್ಟರಲ್ಲಿ ಜೇಬಿನ ರಾಡು ತೊಡೆಗೆ ಒತ್ತಿತು. ಮೂರು ವಾರ ರಾಡೇ ಇಲ್ಲದೆ ಕಾರು ನಿಲ್ಲಿಸಿದವನಿಗೆ ತಾನು ಕನ್ನಡಿ ನೋಡುವುದನ್ನು ಕಲಿಸುತ್ತಿದ್ದೇನಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು. 'ಇರ್ತೀನಿ ಅಂತ ಮಾತು ಕೊಟ್ಟಿದೀಯ. ನಂಬಿದೀನಿ' ಎಂದು ಮನಸ್ಸಿನಲ್ಲೇ ಹೇಳಿ ಸುಮ್ಮನಾದರು. ಹತ್ತೊಂಬತ್ತು ವರ್ಷಗಳಲ್ಲಿ ಅದೇ ಅವರ ಅತಿ ಚಿಕ್ಕ ಪ್ರಾರ್ಥನೆ.

ಪರೀಕ್ಷೆ ಎಂಬುದು ಅದೇ ಗಳಿಗೆಗೆ ಕಾದಿತ್ತೇನೋ. ಆಳೆತ್ತರದ ಕನ್ನಡಿ ಹೊತ್ತ ಇಬ್ಬರು ರಸ್ತೆಗೆ ಇಳಿದರು. ಕನ್ನಡಿಯೊಳಗಿಂದ ಇನ್ನೊಂದು ಕಾರು ಎದುರಿಗೇ ಬರತೊಡಗಿತು. ಅದರೊಳಗೆ ಇನ್ಸ್‌ಪೆಕ್ಟರು ಕಣ್ಣು ಮುಚ್ಚಿ ಏನೋ ಮಣಮಣಿಸುತ್ತಿದ್ದರು, ಹಿಂದೆ ಒಬ್ಬ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದ, ನಡುವೆ ಅಕ್ಕನ ಮುಖ ನಂಬರು ಅಂಟಿಸುವಾಗಿನಷ್ಟೇ ಶಾಂತವಾಗಿತ್ತು. ಅಕ್ಕ ಮೆಲ್ಲಗೆ ಕಾರು ನಿಲ್ಲಿಸಿದಳು. ಕನ್ನಡಿ ದಾಟಿ ಹೋಯಿತು.

"ಪಾಸು" ಎಂದರು ಇನ್ಸ್‌ಪೆಕ್ಟರು, ಕಣ್ಣು ತೆರೆದು.

ಅವರು ಇಳಿದು ಹೋದ ಮೇಲೆ ಮೇಷ್ಟ್ರು ಕರ್ಚೀಫು ತೆಗೆದು, ರಾಡು ತೋರಿಸಿ, ಎಲ್ಲ ಹೇಳಿದರು. "ಅಕ್ಕ, ಮೂರು ವಾರ ಬ್ರೇಕ್ ಮೇಲೆ ಕಾಲಿಟ್ಟಿದ್ದು ಸಾಕ್ಷಾತ್ ದೇವರು."

"ನಾನು ಕಣೋ" ಎಂದಳು ಅಕ್ಕ. "ಮೊದಲನೇ ದಿನವೇ ಗೊತ್ತಾಯ್ತು, ನೀನು ಒತ್ತಿದ್ರೂ ನನ್ನ ಕಡೆ ಬ್ರೇಕು ಅಲ್ಲಾಡ್ತಿರ್ಲಿಲ್ಲ. ಆಮೇಲಿಂದ ನಿನ್ನ ಮೊಣಕಾಲು ಎದ್ದಾಗೆಲ್ಲ ನಾನೇ ಒತ್ತುತ್ತಿದ್ದೆ."

ಮೇಷ್ಟ್ರ ಮುಖ ಇಳಿದುಹೋಯಿತು. "ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಕಾರು ಹತ್ತುತ್ತಿದ್ದೆಯಾ? ಹೆದರೋರ ಪಕ್ಕದಲ್ಲಿ ಇರ್ತಾನೆ ಅಂತ ಅಮ್ಮ ಹೇಳಿದ್ದು. ಹಿಂದೆ ಅಂತ ಹೇಳಲಿಲ್ಲ. ಬಾ, ಮುಂದೆ ಕೂತ್ಕೋ."

ಮೇಷ್ಟ್ರ ಕಣ್ಣು ತುಂಬಿತು. ರಾಡನ್ನು ಹಿಂದಿನ ಸೀಟಿನ ಮೇಲೆ ಎಸೆದು ಮುಂದೆ ಬಂದು ಕೂತರು. ಮನೆಯ ದಾರಿಯ ಮೊದಲ ತಿರುವಿನಲ್ಲಿ, ಏನೂ ಇಲ್ಲದ ಖಾಲಿ ರಸ್ತೆಯಲ್ಲಿ, ಅವರ ಮೊಣಕಾಲು ತಾನಾಗಿ ಎದ್ದಿತು. ಕಾರು ನಿಂತಿತು.