ನಮ್ಮಪ್ಪ ಕಟ್ಟಿದ ಜಪಾನಿನ ಹೆಣ್ಣು

ವರ್ಷಾನುಗಟ್ಟಲೆ ನಮ್ಮೂರಿನ ಅತಿ ಚೆಲುವಿನ ಹೆಣ್ಣು ಯಾರು ಅಂದರೆ ನಮ್ಮಪ್ಪ. ತಮಾಷೆಗೆ ಹೇಳುತ್ತಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಕಡೆ ಗುಡ್ಡಗಳ ನಡುವೆ ಇರುವ ನಮ್ಮ ಹಳ್ಳಿಯಲ್ಲಿ ಹಳಬರು ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ದಿನವಿಡೀ ಕುರಿಗಳ ಹಿಂದೆ ಬಿಸಿಲಲ್ಲಿ ಅಲೆಯುವ ಮನುಷ್ಯ, ಬಯಲಾಟದ ದಿನ ಮುಖಕ್ಕೆ ಬಣ್ಣ ಹಚ್ಚಿ, ಸೀರೆ ಉಟ್ಟು, ಆಟಕ್ಕೆಂದು ಕಟ್ಟಿದ ಅಟ್ಟದ ಮೇಲೆ ಬಂದನೆಂದರೆ ಗಂಡಸರು ಕೈಯಲ್ಲಿದ್ದ ಬೀಡಿ ಮರೆಯುತ್ತಿದ್ದರು. ಮಾರನೆಯ ದಿನ ಹೆಂಗಸರು ಮನೆಗೆ ಬಂದು, "ಆ ನೆರಿಗೆ ಹೆಂಗ್ ಹಿಡಿದೆ ಅಣ್ಣಾ, ಒಂದ್ಸಲ ತೋರ್ಸು" ಎಂದು ಅಪ್ಪನನ್ನೇ ಕೇಳುತ್ತಿದ್ದರು. ಅವ್ವನಿಗೆ ಉರಿದುಹೋಗುತ್ತಿತ್ತು. "ಸೀರೆ ನಂದು, ಹೊಗಳಿಕೆ ಇವಂದು" ಎಂದು ಗೊಣಗುತ್ತಿದ್ದಳು. ಆದರೂ ಟ್ರಂಕಿನಲ್ಲಿದ್ದ ಅವಳ ಸೀರೆಗಳೆಲ್ಲ ಒಂದಲ್ಲ ಒಂದು ವರ್ಷ ಅಪ್ಪನ ಮೈಮೇಲೆ ಬಂದುಹೋಗಿದ್ದವು. ಮೊಳಕಾಲ್ಮೂರಿನ ರೇಷ್ಮೆಯ ಮದುವೆ ಸೀರೆಯೊಂದನ್ನು ಮಾತ್ರ ಅವಳು ಮುಟ್ಟಗೊಡುತ್ತಿರಲಿಲ್ಲ.

ನಮ್ಮ ಕಡೆ ಮೀಸೆ ಇಲ್ಲದ ಗಂಡಸನ್ನು ಕಂಡರೆ ನಗುತ್ತಾರೆ. ಅಪ್ಪ ಪ್ರಾಯದಿಂದಲೂ ಮೀಸೆ ಬೋಳಿಸಿಕೊಂಡೇ ಇದ್ದ, ಯಾರೂ ನಗಲಿಲ್ಲ. ಸ್ತ್ರೀವೇಷದವನಿಗೆ ಅದೊಂದು ಪದವಿ. ಆ ಪದವಿ ಇರುವವನ ಮಗಳು ನಾನು ಎಂದು ನಾನೂ ಕತ್ತೆತ್ತಿಕೊಂಡೇ ಓಡಾಡುತ್ತಿದ್ದೆ. ಸೊಕ್ಕು ಅನ್ನುವವರು ಅನ್ನಲಿ.

ನಾನು ಚಳ್ಳಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಡಿಗ್ರಿ ಓದುತ್ತಿದ್ದಾಗ, ಅಂದರೆ ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ್ದಾಗ, ಅಪ್ಪನ ದನಿ ಒಡೆಯಿತು. ನೆಗಡಿ ಅಂದುಕೊಂಡು ಕಷಾಯ ಕುಡಿಸಿದೆವು, ಡಾಕ್ಟರಿಗೆ ತೋರಿಸಿದೆವು. ಊಹೂಂ. ಮೇಲಿನ ಸ್ವರಕ್ಕೆ ಏರಿದರೆ ಸಾಕು, ತಗಡು ಕೆರೆದ ಹಾಗೆ ಕೇಳುತ್ತಿತ್ತು. ಉಗಾದಿ ಆದಮೇಲೆ ಆಡುವ ಆಟಕ್ಕೆ ತಾಲೀಮು ಶುರುವಾಗುವ ಹೊತ್ತದು. ಊರಿನ ಪ್ರಾಯದ ಹುಡುಗರು ಸೇರಿ, ಈ ಸಲ ಹೆಣ್ಣಿನ ಪಾತ್ರಕ್ಕೆ ಹೆಣ್ಣನ್ನೇ, ಪೇಟೆಯಿಂದ ನಟಿಯೊಬ್ಬಳನ್ನು ಕರೆಸೋಣ ಎಂದು ತೀರ್ಮಾನಿಸಿದರು. ಆ ಸುದ್ದಿ ಹೇಳಲು ಆಟ ಕಲಿಸುವ ಮೇಷ್ಟ್ರೇ ಮನೆಗೆ ಬಂದರಂತೆ. "ನೀನು ಹಿಮ್ಮೇಳದಾಗೆ ಕೂತ್ಕೊಂಡು ತಾಳ ಹಾಕಪ್ಪಾ" ಅಂದರಂತೆ. ಅಪ್ಪ, "ಆಗ್ಲಿ ಮೇಷ್ಟ್ರೆ" ಅಂದನಂತೆ, ಅಷ್ಟೇ.

ಆ ಶನಿವಾರ ನಾನು ಊರಿಗೆ ಬಂದಾಗ ಅಪ್ಪ ಕುರಿ ರೊಪ್ಪದ ಬಾಗಿಲಲ್ಲಿ ನಿಂತಿದ್ದ. ತುಟಿಯ ಮೇಲೆ ಕುರುಚಲು ಮೀಸೆ ಮೂಡಿತ್ತು. ಯಾರೂ ಏನೂ ಹೇಳಬೇಕಾಗಲಿಲ್ಲ. ಒಬ್ಬ ಮನುಷ್ಯ ಮೀಸೆ ಬಿಟ್ಟದ್ದನ್ನು ಕಂಡರೂ ಅಳು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಊಟ ಬಿಟ್ಟಿಲ್ಲ, ನಿದ್ದೆ ಬಿಟ್ಟಿಲ್ಲ. ಹಾಡದು ಬಿಟ್ಟವ್ನೆ" ಎಂದಳು ಅವ್ವ. "ಕುರಿ ಹಿಂದೆ ಹೋದ್ರೂ ಬಾಯ್ ಬಿಡಲ್ಲಂತೆ."

ಚಿಕ್ಕಮ್ಮನ ಮನೆಯಲ್ಲಿ ಕೇಬಲ್ ಟಿ.ವಿ. ಇತ್ತು. ಅದರಲ್ಲಿ ಆ ವರ್ಷ ಜಪಾನಿನದೊಂದು ಕಾರ್ಟೂನು ಧಾರಾವಾಹಿ ಹಿಂದಿಯಲ್ಲಿ ಬರುತ್ತಿತ್ತು. ಕತ್ತಿ ಹಿಡಿದ ಸಮುರಾಯಿಗಳು, ದೆವ್ವಗಳು, ಅವುಗಳ ನಡುವೆ ಒಂದು ಪ್ರೀತಿ. ಕಾರ್ಟೂನು ಅಂದರೆ ಮಕ್ಕಳಿಗೆ ಅನ್ನುತ್ತಾರೆ. ನಾನು ಕಾಲೇಜಿನಿಂದ ಬಂದವಳೇ ಚೀಲ ಎಸೆದು ಚಿಕ್ಕಮ್ಮನ ಮಕ್ಕಳನ್ನು ಪಕ್ಕಕ್ಕೆ ತಳ್ಳಿ ಕೂರುತ್ತಿದ್ದೆ. ನೋಡನೋಡುತ್ತ ನನಗೆ ಆಶ್ಚರ್ಯ. ಇವರೆಲ್ಲ ನಮ್ಮ ಅಟ್ಟದ ಮೇಲಿನವರೇ ಅಲ್ಲವಾ! ಕತ್ತಿವೀರನ ಜೊತೆ ಸದಾ ತಿನ್ನುತ್ತ, ಹೆದರುತ್ತ, ನಿಜ ಹೇಳಿಬಿಡುವ ಒಬ್ಬ ಗೆಳೆಯನಿದ್ದ. ಅವನು ಸಾಕ್ಷಾತ್ ನಮ್ಮ ಸಾರಥಿ, ಅಟ್ಟದ ಮೇಲೆ ಎಲ್ಲರನ್ನೂ ಮಾತಾಡಿಸಿ ನಗಿಸುವವನು. ಕತ್ತಿವೀರನಿಗಿಂತ ಚೆನ್ನಾಗಿ ಕತ್ತಿ ಬೀಸುವ, ಒಳಗೊಳಗೇ ಅವನ ಮೇಲೆ ಅಭಿಮಾನ ಇಟ್ಟುಕೊಂಡ ವೈರಿಯಿದ್ದ. ಅವನು ನಮ್ಮ ರಾಕ್ಷಸವೇಷ, ಬರುವಾಗ ಅಬ್ಬರಿಸಿ ಸಾಯುವಾಗ ಕಣ್ಣೀರು ತರಿಸುವವನು. ಗಡ್ಡದ ಗುರುವೊಬ್ಬ ಅರ್ಧ ಮಾತು ಹೇಳಿ ಬೆಟ್ಟಕ್ಕೆ ಹೋಗಿಬಿಡುತ್ತಿದ್ದ. ಅಂಥ ಋಷಿಗಳು ನಮ್ಮ ಆಟದಲ್ಲಿ ಬೇಕಾದಷ್ಟು.

ಇಬ್ಬರು ಮಾತ್ರ ನಮ್ಮಲ್ಲಿ ಇರಲಿಲ್ಲ. ಒಬ್ಬ ಆ ಕತ್ತಿವೀರನೇ. ಒಡೆಯ ಸತ್ತುಹೋಗಿ ಹೇಳಕೇಳುವವರಿಲ್ಲದ ಸಮುರಾಯಿ, ತನ್ನ ಬಗ್ಗೆ ತುಟಿ ಬಿಚ್ಚದವನು. ನಮ್ಮ ವೀರರಾದರೋ ಅಟ್ಟ ಹತ್ತಿದ ಕೂಡಲೇ ತಮ್ಮ ಬಿರುದು ತಾವೇ ಹೊಗಳಿಕೊಳ್ಳುತ್ತಾರೆ. ಇನ್ನೊಬ್ಬಳು ಅವನಿಗಾಗಿ ಕಾದು ಕಾದು ಸತ್ತು ದೆವ್ವವಾದ ಹೆಣ್ಣು. ಅವಳು ಹಾಡುತ್ತಿರಲಿಲ್ಲ, ಕುಣಿಯುತ್ತಿರಲಿಲ್ಲ. ಸುಮ್ಮನೆ ನಡೆದು ಬರುತ್ತಿದ್ದಳು. ಮಾತಾಡಿದರೆ ಗಂಟಲು ಒಣಗಿದವಳ ಹಾಗೆ ಕೆಳದನಿಯಲ್ಲಿ ಒಂದೆರಡು ಮಾತು. ತಾನು ಯಾರೆಂದು ಯಾವತ್ತು ಬಾಯಿಬಿಟ್ಟು ಹೇಳುತ್ತಾಳೋ ಅಂದೇ ಅವಳು ಈ ಲೋಕ ಬಿಟ್ಟು ಹೋಗಬೇಕು, ಅದು ಅವಳಿಗಿದ್ದ ಕಟ್ಟು. ಆ ಒಡಕು ದನಿ ಕೇಳಿದ ಕ್ಷಣ ನಾನು ಕೂತಲ್ಲೇ, "ಅಯ್ಯೋ, ಇದು ನಮ್ಮಪ್ಪಂದು ಕಣ್ರೋ!" ಎಂದು ಕೂಗಿದೆ. ಚಿಕ್ಕಮ್ಮ ಅಡುಗೆಮನೆಯಿಂದ, "ಯಾಕೆ, ಏನಾತೇ?" ಎಂದು ಓಡಿ ಬಂದಳು.

ಮುಂದಿನ ಶನಿವಾರ ತಳಕು ಊರಿನ ಮೇಲೆ ಹಾದುಹೋಗುವ ಬಸ್ಸು ಹಿಡಿದು ಊರಿಗೆ ಹೋದವಳೇ ನೇರ ತಾಲೀಮು ನಡೆಯುವ ಜಾಗಕ್ಕೆ ನುಗ್ಗಿದೆ. ಮೇಷ್ಟ್ರಿದ್ದರು, ಸಾರಥಿ ಪಾತ್ರದ ನನ್ನ ಸೋದರಮಾವ ಇದ್ದ. ಅಪ್ಪ ಮೂಲೆಯಲ್ಲಿ ತಾಳ ಹಿಡಿದು ಕೂತಿದ್ದ. ನಾನು ಉಸಿರು ಬಿಡದೆ ಕಥೆ ಹೇಳಿ, ಈ ಸಲದ ಆಟ ಇದೇ ಆಗಲಿ ಎಂದೆ. ಮೇಷ್ಟ್ರು ಆಂಧ್ರದ ಗಡಿಯವರು, ಹುರುಪು ಬಂದರೆ ತೆಲುಗು ನುಗ್ಗುತ್ತಿತ್ತು.

"ಏಮ್ಮಾ, ಈ ಜಪಾನಿನವ್ನು ರಾಜವೇಷನೋ ರಾಕ್ಷಸವೇಷನೋ, ಅದನ್ನ ಮೊದ್ಲು ಹೇಳು."

"ಎರಡೂ ಅಲ್ಲ ಮೇಷ್ಟ್ರೆ. ರಾಜನ ಹತ್ರ ಇದ್ದ, ರಾಜ ಸತ್ತ. ಈಗ ಒಬ್ಬನೇ."

"ಹಂಗಾರೆ ಕಿರೀಟ ಇಲ್ವಾ?"

"ಇಲ್ಲ."

"ಭುಜಕೀರ್ತಿ?"

"ಅದೂ ಇಲ್ಲ."

"ಕಿರೀಟ ಇಲ್ದೋನು, ಮಾತಾಡ್ದೋನು ಅದ್ಯಾವ ಸೀಮೆ ವೀರನೇ?" ಎಂದು ಮಾವ ನಕ್ಕ. "ನಾನು 'ಬಂದಂಥವರು ಯಾರು ತಾವು' ಅಂತೀನಿ. ಅವ್ನು ಸುಮ್ಕೆ ನಿಂತ್ರೆ ನಾನೇನ್ ಮಾಡ್ಲಿ, ಜೊತೆಗೆ ನಿಂತ್ಕೊಂಡು ಆಕಳಿಸ್ಲಾ?"

ಬಯಲಾಟ ನೋಡಿದವರಿಗೆ ಗೊತ್ತು, ಅದು ಸಣ್ಣ ತೊಡಕಲ್ಲ. ದೇವೇಂದ್ರನೇ ಬರಲಿ, ಸಾರಥಿ ಯಾರು ನೀನು ಎಂದು ಕೇಳಲೇಬೇಕು, ಬಂದವನು ಹೇಳಲೇಬೇಕು. ಹೇಳದಿದ್ದರೆ ಆಟ ಮುಂದಕ್ಕೆ ಹೋಗುವುದಿಲ್ಲ. ನಾನು ಹೇಳಿದೆ, "ವೀರ ಬೇಕಾದ್ರೆ ಹೇಳ್ಲಿ, ಕಿರೀಟನೂ ಇಟ್ಕೊಳ್ಲಿ. ಆ ದೆವ್ವ ಮಾತ್ರ ಹೇಳಂಗಿಲ್ಲ. ಹೇಳಿದ್ರೆ ಹೋಗ್ಬೇಕು. ಅದಕ್ಕೆ ಅವಳನ್ನ ಕೊನೇಗೆ, ಸೂರ್ಯ ಹುಟ್ಟೋ ಹೊತ್ತಿಗೆ ತರ್ರಿ."

ಮೇಷ್ಟ್ರ ಕಣ್ಣು ಅರಳಿತು. ನಮ್ಮಲ್ಲಿ ಆಟ ಮುಗಿಯುವುದೇ ಬೆಳಗಾದ ಮೇಲೆ. ನಿಜವಾದ ಸೂರ್ಯನನ್ನೇ ಪಾತ್ರಕ್ಕೆ ಹಾಕಿಕೊಳ್ಳುವ ಆಸೆ ಯಾವ ಮೇಷ್ಟ್ರಿಗೆ ಇರುವುದಿಲ್ಲ? "ಬದುಕಿರೋ ತನಕ ಆ ಪೇಟೆ ನಟಿ ಮಾಡ್ಲಿ. ಸತ್ತ ಮೇಲೆ?" ಎಂದರು.

"ಸತ್ತ ಮೇಲೆ ನಮ್ಮಪ್ಪ" ಅಂದೆ.

ತಾಳ ನಿಂತಿತು. ಅಪ್ಪ ತಲೆ ಎತ್ತಲಿಲ್ಲ. "ಬ್ಯಾಡ ಕಣಮ್ಮಾ. ನನ್ ದನಿ ಹೋಗೈತೆ, ಜನ ನಗ್ತಾರೆ."

"ದನಿ ಹೋಗೈತೆ ಅಂತಾನೇ ನಿನಗೆ ಹೇಳ್ತಿರೋದು!" ಎಂದು ನಾನು ಸಿಟ್ಟಿನಿಂದ ಕಿರುಚಿದೆ. "ಕಾದು ಕಾದು ಸತ್ತೋಳ ದನಿ ಕೋಗಿಲೆ ಥರ ಇರ್ತೈತಾ? ಆ ನಟಿ ಹೊಸಬಳು, ಎಷ್ಟು ಚೆಂದ ಹಾಡಿದ್ರೂ ಈ ದನಿ ಅವಳಿಗೆ ಬರಲ್ಲ. ನಿನಗೆ ಬಂದೈತೆ."

ಮಾವ ಎದ್ದು ಹೋಗಿ ಅಪ್ಪನ ಗಲ್ಲ ಹಿಡಿದು, "ಈ ಮೀಸೆ ಒಂದು ತೆಗಿ ಭಾವ. ದೆವ್ವಕ್ಕಿರಲಿ, ನಿನಗೇ ಒಪ್ಪಲ್ಲ ಇದು" ಅಂದ. ಅಪ್ಪ ನಕ್ಕುಬಿಟ್ಟ.

ಹೀಗೆ ಸಮುರಾಯಿ ಕಥೆ ನಮ್ಮೂರಿನ ಆಟವಾಯಿತು. ಮೇಷ್ಟ್ರು ಜಪಾನನ್ನು ಪೂರ್ವದಿಕ್ಕಿನ ಒಂದು ದೇಶ ಮಾಡಿ, ಪದ ಕಟ್ಟಿ, ಮದ್ದಲೆಗೆ ಕೂರಿಸಿದರು. ಸಮುರಾಯಿ ಪಾತ್ರ ಸಿಕ್ಕಿದ, ಟ್ರ್ಯಾಕ್ಟರ್ ಓಡಿಸುವ ಹುಡುಗ ಕಿರೀಟ ಬೇಕೇ ಬೇಕು ಎಂದು ಹಟ ಹಿಡಿದು ಗೆದ್ದ, ಭುಜಕೀರ್ತಿಯನ್ನೂ ಕಟ್ಟಿಕೊಂಡ. ಉಳಿದದ್ದು ದೆವ್ವದ ಸೀರೆ. ಟಿ.ವಿ.ಯಲ್ಲಿ ಅವಳು ಬಿಳಿ ಬಟ್ಟೆಯಲ್ಲಿದ್ದಳು ಎಂದು ನಾನು ಬಾಯಿ ತಪ್ಪಿ ಹೇಳಿದೆ. ಅವ್ವ ಸೌದೆ ಹಿಡಿದು ಎದ್ದಳು. "ನಾನು ಗಟ್ಟಿಮುಟ್ಟಾಗಿರೋವಾಗ ನನ್ ಗಂಡನಿಗೆ ಬಿಳಿ ಸೀರೆ ಉಡಿಸ್ತೀಯೇನೇ? ಬುದ್ಧಿ ಐತಾ ನಿನಗೆ?" ಎಂದು ಕೂಗಾಡಿದಳು. ಆಮೇಲೆ ಆ ಸೌದೆಯನ್ನು ಒಲೆಗೆ ತುರುಕಿ ಕೇಳಿದಳು, "ಅವಳು ಮದ್ವಿಗೆ ಕಾಯ್ತಿದ್ಲು ತಾನೇ?"

"ಹೂಂ."

"ಹಂಗಾರೆ ಮದ್ವಿ ಸೀರೇಲೇ ಇರ್ತಾಳೆ." ಟ್ರಂಕು ತೆರೆದು, ತಳದಿಂದ ಆ ರೇಷ್ಮೆ ಸೀರೆ ತೆಗೆದು, ಅಪ್ಪನ ತೊಡೆಯ ಮೇಲಿಟ್ಟಳು. "ಹರದು ಗಿರದು ಬಂದ್ರೆ ಮನೆಗ್ ಸೇರ್ಸಲ್ಲ" ಎಂದೂ ಸೇರಿಸಿದಳು. ಟಿ.ವಿ.ಯವರು ಏನೇ ಮಾಡಲಿ, ಆ ಹೆಣ್ಣು ಯಾವ ಬಟ್ಟೆಯಲ್ಲಿ ಸತ್ತಿರುತ್ತಾಳೆ ಎಂದು ನಮ್ಮವ್ವನಿಗೆ ಹೊಳೆದದ್ದು ಅವರಿಗೆ ಹೊಳೆಯಲಿಲ್ಲ.

ಆಟದ ದಿನ ಸುತ್ತಲಿನ ಹಳ್ಳಿಗಳ ಜನ ಕಂಬಳಿ ಹಾಸಿಕೊಂಡು ಕೂತಿದ್ದರು. ಪೇಟೆಯ ನಟಿ ಬಹಳ ಚೆನ್ನಾಗಿ ಮಾಡಿದಳು. ಹಾಡಿಗೆ ಶಿಳ್ಳೆ ಬಿದ್ದವು, ಅವಳು ಸತ್ತಾಗ ಜನ ಮರುಗಿದರು. ಕಿರೀಟದ ಸಮುರಾಯಿ ಬೇಕಾದ್ದಕ್ಕಿಂತ ಜಾಸ್ತಿಯೇ ಮಾತಾಡಿದ, ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮೂಡಲ ಗುಡ್ಡದ ಹಿಂದೆ ಬೆಳಕು ಹರಿಯುವ ಹೊತ್ತಿಗೆ ಅರ್ಧ ಜನ ತೂಕಡಿಸುತ್ತಿದ್ದರು. ಕೆಲವರು ಕಂಬಳಿ ಸುತ್ತಿ ಏಳುವುದರಲ್ಲಿದ್ದರು. ಆಗ ಅಪ್ಪ ಬಂದ.

ಮದ್ದಲೆ ಇಲ್ಲ, ತಾಳ ಇಲ್ಲ. ಅವ್ವನ ಮದುವೆ ಸೀರೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ನಿಧಾನವಾಗಿ ನಡೆದು ಬಂದು ನಿಂತ. ಅವ್ವ ನನ್ನ ಕೈ ಹಿಡಿದುಕೊಂಡಳು.

"ಬಂದಂಥವರು ಯಾರು ತಾವು?" ಎಂದ ಸಾರಥಿ ಮಾವ.

ಅಪ್ಪ ಸುಮ್ಮನೆ ನಿಂತ. ಎದ್ದು ಹೊರಟವರು ನಿಂತಲ್ಲೇ ತಿರುಗಿದರು. ಇಂಥದ್ದನ್ನು ಆ ಜನ ಎಂದೂ ನೋಡಿರಲಿಲ್ಲ. "ಮಾತು ಮರ್ತನೇನೋ ಪಾಪ" ಎಂದು ಹಿಂದೆ ಯಾರೋ ಅಂದರು, ನಾನು ತಿರುಗಿ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದೆ.

"ಯಾರು ತಾಯಿ ನೀನು? ಎಲ್ಲಿಂದ ಬಂದೆ?" ಎಂದು ಮಾವ ಮತ್ತೆ ಕೇಳಿದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಅಪ್ಪ ಪೂರ್ವಕ್ಕೆ ನೋಡಿದ. ಗುಡ್ಡದ ತುದಿ ಕೆಂಪಾಗಿ, ಸೂರ್ಯನ ಅಂಚು ಮೇಲೆ ಬಂದು, ಬಿಸಿಲು ನೇರ ಸೀರೆಯ ಜರಿಗೆ ಬಿತ್ತು. ಆಗ ಬಾಯಿ ತೆರೆದ. ಮೇಷ್ಟ್ರು ಬರೆದುಕೊಟ್ಟ ಮಾತು ಬೇರೆಯಿತ್ತು, ದೂರದೇಶದ ಸೇನಾಪತಿಯ ಮಗಳು ಅಂತ. ಅಪ್ಪ ಅದನ್ನು ಹೇಳಲಿಲ್ಲ. ಒಡೆದ ದನಿಯಲ್ಲಿ, ಮೆಲ್ಲಗೆ, ಜನರನ್ನೇ ನೋಡಿಕೊಂಡು ಹೇಳಿದ:

"ಗುರ್ತು ಸಿಗ್ಲಿಲ್ವೇನಪ್ಪಾ? ನಾನು ಈ ಊರ ಹೆಣ್ಣುಮಗಳು. ಇಷ್ಟು ವರ್ಷ ನಿಮ್ ಕಣ್ಣೆದುರಿಗೇ ಇದ್ದೆ. ಹೆಸರು ಕೇಳಿದ್ರಿ, ಹೇಳಿದೀನಿ. ಇನ್ನು ಹೋಗ್ತೀನಿ."

ಊರನ್ನೆಲ್ಲ ನಗಿಸುವ ಸಾರಥಿ ಅಟ್ಟದ ಮೇಲೇ ಕಣ್ಣೊರೆಸಿಕೊಂಡ. ಅಪ್ಪ ಮೆಟ್ಟಿಲಿಳಿದು ಜನರ ನಡುವೆಯೇ ಸೂರ್ಯನ ಕಡೆಗೆ ಹೊರಟ, ಜನ ದಾರಿ ಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಎದ್ದು ಅಡ್ಡ ನಿಂತಳು. "ಊರ ಹೆಣ್ಣುಮಗಳನ್ನ ಬರಿ ಉಡೀಲಿ ಕಳಿಸ್ತಾರೇನ್ರೇ?" ಅಂದಳು. ಅಪ್ಪನ ಸೆರಗು ಬಿಡಿಸಿ, ಅಲ್ಲಿ ಅಕ್ಕಿ ಎಲ್ಲಿಂದ ಬರಬೇಕು, ತಾನು ತಿನ್ನಲು ತಂದಿದ್ದ ಮಂಡಕ್ಕಿಯನ್ನೇ ಉಡಿಗೆ ಸುರಿದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಆಮೇಲೆ ಸಾಲುಗಟ್ಟಿ ಬಂದರು. ಒಬ್ಬಳು ಶೇಂಗಾ ಹಾಕಿದಳು, ಒಬ್ಬಳು ಬೆಲ್ಲದ ಚೂರು, ಒಬ್ಬಳು ಎಲೆ ಅಡಿಕೆ. ಬಣ್ಣ ತೊಳೆದುಕೊಂಡು ನಿಂತಿದ್ದ ಪೇಟೆಯ ನಟಿಯೂ ತನ್ನ ಮುಡಿಯ ಹೂವು ತೆಗೆದು ಹಾಕಿದಳು. ನಾನು ಗೊಳೋ ಎಂದು ಅತ್ತೆ. ಅಳುತ್ತಲೇ ಪಕ್ಕದವರಿಗೆಲ್ಲ, "ನಮ್ಮಪ್ಪ ಕಣ್ರಿ, ಅದು ನಮ್ಮಪ್ಪ" ಎಂದು ಹೇಳಿಕೊಂಡೆ. ಅವರಿಗೆಲ್ಲ ಗೊತ್ತೇ ಇತ್ತು, ಆದರೂ ಹೇಳಿದೆ.

ಮನೆಗೆ ಬಂದಾಗ ಅಪ್ಪ ತುಂಬಿದ ಉಡಿ ಹಿಡಿದು ನಡುಮನೆಯಲ್ಲಿ ಕೂತಿದ್ದ. ಬಣ್ಣವೆಲ್ಲ ಕಣ್ಣೀರಿಗೆ ಕದಡಿತ್ತು. ರೊಪ್ಪದಲ್ಲಿ ಕುರಿಗಳು ಅರಚುತ್ತಿದ್ದವು. ಸೀರೆಗೆ ಬೆಲ್ಲ ಅಂಟಿದ್ದಕ್ಕೆ ಅವ್ವ ಬಯ್ಯುತ್ತಾಳೆ ಎಂದುಕೊಂಡೆ. ಅವಳು ಅದನ್ನು ನೋಡಲೇ ಇಲ್ಲ. ಮೊರ ತಂದು ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಿಧಾನಕ್ಕೆ ಬಿಡು, ಒಂದ್ ಕಾಳೂ ಚೆಲ್ಬ್ಯಾಡ. ತೌರುಮನೆಯೋರು ಕಟ್ಟಿ ಕಳ್ಸಿರೋದು" ಎಂದಳು.

ಮಾರನೆಯ ದಿನ ಅಪ್ಪ ಹಾಡಿಕೊಂಡೇ ಕುರಿ ಹೊಡೆದುಕೊಂಡು ಹೋದ, ಅದೇ ಒಡಕು ದನಿಯಲ್ಲಿ. ಮುಂದಿನ ವರ್ಷವೂ ಬಾ ಎಂದು ಹುಡುಗರು ಬಂದು ಕರೆದರೆ, "ಹೆಣ್ಣುಮಗಳನ್ನ ಒಂದು ಸಲ ಉಡಿ ತುಂಬಿ ಕಳಿಸಿದ್ ಮೇಲೆ ಆಯ್ತಪ್ಪಾ" ಎಂದು ನಕ್ಕ. ಆಮೇಲೆ ಮೀಸೆ ಬಿಟ್ಟ. ಈ ಸಲ ಯಾರೋ ವೇಷ ಬಿಡಿಸಿದ್ದಕ್ಕಲ್ಲ, ತಾನೇ ಇಷ್ಟಪಟ್ಟು ಬಿಟ್ಟ.