ಆರು ತಿಂಗಳಿಗೊಂದು ಹೊಲ

“ಆರು ತಿಂಗಳಕಿಂತ ಜಾಸ್ತಿ ಒಬ್ಬರ ಕಡೆ ದುಡಿಯಂಗಿಲ್ಲ ಅಂದ್ರ ಅದೆಂಥಾ ನೌಕರಿರಿ ಸರ್?” ನನ್ನ ಶಿಷ್ಯೆ ಭಾಗ್ಯಳ ಅಪ್ಪ ಕೇಳಿದರು. ಗೊಬ್ಬರಕ್ಕೆಂದು ಅವರು ಕುರಿಮಂದೆ ನಿಲ್ಲಿಸಿದ್ದ, ವನದುರ್ಗದ ಕಾಲುವೆ ಪಕ್ಕದ ಬೇರೊಬ್ಬ ರೈತರ ಹೊಲದಲ್ಲಿದ್ದೆವು. ವಯಸ್ಸು ಮೂವತ್ತು ದಾಟದ ಓದಿದವರಿಗೆ, ಅಲ್ಲಿ ಸುತ್ತಾಡುತ್ತ ದುಡಿಯಲೆಂದು ಆಸ್ಟ್ರೇಲಿಯಾ ಕೊಡುವ ಒಂದು ವರ್ಷದ ವೀಸಾ ಭಾಗ್ಯಳಿಗೆ ಸಿಕ್ಕಿತ್ತು. ಅಪ್ಪನಿಗೆ ಆ ವೀಸಾದ ಈ ಆರು ತಿಂಗಳ ನಿಯಮವೇ ಅಡ್ಡವಾಗಿತ್ತು.

ಮಂದೆಯ ಸುತ್ತಲಿನ ಬಲೆಯ ಗೂಟ ಕೀಳುತ್ತಿದ್ದ ಭಾಗ್ಯಳ ಅವ್ವ ತಲೆ ಎತ್ತದೆಯೇ ಅಂದರು: “ನಾವೇನು ಒಬ್ಬರ ಹೊಲದಾಗೇ ವರ್ಷಗಟ್ಲೆ ಕುರಿ ನಿಲ್ಲಸ್ತೀವೇನ್ರಿ? ಗೊಬ್ಬರ ಬಿತ್ತಂದ್ರ ಮುಂದಿನ ಹೊಲ. ಆಕಿನೂ ಹಂಗೇ ಹೋಗ್ತಾಳ, ಹೋಗ್ಲಿ ಬಿಡ್ರಿ.”

ಅಪ್ಪ ಬಲೆ ಸುತ್ತತೊಡಗಿದರು. ಆ ತಾಯಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಭಾಗ್ಯ ಈಗ ಅಲ್ಲಿನ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದಾಳೆ. ಫೋನ್ ಬಂದಾಗಲೆಲ್ಲ ಅವ್ವ ಮೊದಲು ಕೇಳುವುದು ಒಂದೇ: “ಈಗ ಯಾರ ಹೊಲದಾಗ ಅದಿ?”