ಹೆಸರಿಲ್ಲದ ಐದನೇ ಮೆಸೇಜು

ತೆಂಗಿನಗುಂಡಿಯ ಮೀನುಗಾರರ ಸಂಘದ ಕಾಗದಪತ್ರದಲ್ಲಿ ಮಾದೇವಿ ಕಸಗುಡಿಸುವವಳು. ಆದರೆ ಒಂಬತ್ತು ವರ್ಷದಿಂದ ಸಂಘದ ಫೋನು ಅವಳ ಕೈಯಲ್ಲಿತ್ತು. ಹಾಗಂತ ಕಸ ಗುಡಿಸುವುದನ್ನೇನೂ ಬಿಟ್ಟಿರಲಿಲ್ಲ. ಫೋನನ್ನು ಕಂಕುಳಲ್ಲಿಟ್ಟುಕೊಂಡೇ ಗುಡಿಸುತ್ತಿದ್ದಳು.

ಅದು ಮೇಜಿನ ಮೇಲಿಡುವ, ವೈರ್ ಇಲ್ಲದ, ಹೊಟ್ಟೆಯೊಳಗೆ ಸಿಮ್ ಹಾಕುವ ಕಪ್ಪು ಫೋನು. ಹಿಂದಿನ ಕ್ಲಾರ್ಕು ವಿಶ್ವನಾಥ ನಿವೃತ್ತನಾಗುವ ಮೊದಲು ಮೂರು ದಿನ ಕೂತು ಅರವತ್ಮೂರು ದೋಣಿಗಳ ನಂಬರನ್ನು ಅದಕ್ಕೆ ತುಂಬಿಸಿ, ಎಲ್ಲವನ್ನೂ ಒಂದು ಗುಂಪು ಮಾಡಿ, ಐದು ಮೆಸೇಜು ಬರೆದಿಟ್ಟು ಹೋಗಿದ್ದ. ಒಂದು ಒತ್ತಿದರೆ ಐಸು ಇದೆ. ಎರಡು ಒತ್ತಿದರೆ ಕರೆಂಟಿಲ್ಲ, ಐಸಿಲ್ಲ. ಮೂರು ಗಾಳಿಯ ಎಚ್ಚರಿಕೆ. ನಾಲ್ಕು ಮೀಟಿಂಗು. ಐದು ಸಾವು. ಸಂಘಕ್ಕೆ ವಾಟ್ಸಾಪ್ ಗುಂಪೂ ಇತ್ತು, ಆದರೆ ಅಲ್ಲಿ ದಿನಾ ಬೆಳಿಗ್ಗೆ ಬಂದು ಬೀಳುವ ಗುಲಾಬಿ ಹೂವುಗಳ ರಾಶಿಯಲ್ಲಿ ಗಾಳಿಯೂ ಸಾವೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಗಾಗಿ ಈ ಫೋನು ಕಳಿಸಿದ್ದಕ್ಕೇ ಬೆಲೆ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮಾದೇವಿ ಇಂಗ್ಲಿಷ್ ಅಕ್ಷರ ಕಲಿತದ್ದು ಈ ಫೋನಿನ ಗುಂಡಿಗಳ ಮೇಲೆ. ಊರಿನ ಪ್ರತಿಯೊಬ್ಬರ ಹೆಸರಿಗೂ ಎಷ್ಟು ಸಲ ಒತ್ತಬೇಕು ಎಂಬುದು ಅವಳ ಹೆಬ್ಬೆರಳಿಗೆ ಬಾಯಿಪಾಠವಾಗಿತ್ತು. ಒಂಬತ್ತು ವರ್ಷದಲ್ಲಿ ಒಂದು ಮೆಸೇಜು ತಪ್ಪಿರಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ, ದಿನಕ್ಕೆ ಒಂದೆರಡು ಸಲ ಬಿಟ್ಟರೆ.

ಕುಮಟಾದಿಂದ ದಿನಾ ಬಸ್ಸಿನಲ್ಲಿ ಬರುವ ಹೊಸ ಸೆಕ್ರೆಟರಿ ಪ್ರಮೋದನಿಗೆ ಈ ವ್ಯವಸ್ಥೆ ಸರಿಕಾಣಲಿಲ್ಲ. ಹೊನ್ನಾವರದಲ್ಲಿ ಬಿ.ಕಾಂ. ಮುಗಿಸಿದ ರಂಜಿತಾ ಆಫೀಸಿಗೆ ಸೇರಿದ್ದಳು. ಫೋನು ಅವಳ ಕೈಗೆ ಹೋಗಬೇಕು ಎಂಬ ಮಾತನ್ನು ಕಮಿಟಿಯ ಮುಂದೆ ಇಟ್ಟ. ಅಧ್ಯಕ್ಷ ಮಾಬ್ಲೇಶ್ವರ ಇಬ್ಬರನ್ನೂ ನೋಯಿಸಲಾರದೆ, "ತಪ್ಪು ಮಾಡೂವರೆಗೆ ಮಾದೇವಿ ಹತ್ರನೇ ಇರ್ಲಿ. ಒಂದು ತಪ್ಪಾತು ಅಂದ್ರೆ ರಂಜಿತಾಗೆ ಕೊಡ್ವ" ಎಂದು ತೀರ್ಮಾನಿಸಿದ. ಅಂದಿನಿಂದ ಮಾದೇವಿ ಫೋನನ್ನು ಕಂಕುಳಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದು ಹೋದರೆ ತನಗೆ ಉಳಿಯುವುದು ಕಸಬರಿಗೆ ಮಾತ್ರ ಎಂಬುದು ಅವಳಿಗೆ ಗೊತ್ತಿತ್ತು.

ಐದನೇ ಮೆಸೇಜಿನ ವಿಷಯ ಸ್ವಲ್ಪ ಹೇಳಬೇಕು. ಕೇರಿಯಲ್ಲಿ ಸಾವಾದ ದಿನ ಯಾರೂ ಕಡಲಿಗೆ ಹೋಗುವಂತಿಲ್ಲ. ಹೊರಟ ದೋಣಿಯೂ ತಿರುಗಿ ಬರಬೇಕು. ಮನೆಗೊಂದು ಕಟ್ಟಿಗೆ, ಒಂದು ತೆಂಗಿನಕಾಯಿ ಹಿಡಿದು ಸತ್ತವರ ಮನೆಗೆ ನಡೆಯಬೇಕು. ಕಟ್ಟಳೆ ಎಲ್ಲರಿಗೂ ಒಂದೇ. ಆದರೆ ಸತ್ತವರು ಯಾರು ಎಂದು ನೋಡಿಕೊಂಡೇ ಕಟ್ಟಳೆ ನಡೆಯುವುದು. ಹೋದ ವರ್ಷ ಹಿಂದೆಮುಂದೆ ಯಾರಿಲ್ಲದ ಸುಕ್ರಿ ತೀರಿಕೊಂಡಾಗ ಮಾದೇವಿ ಸರಿಯಾಗಿ ಹೆಸರು ಹಾಕಿ ಕಳಿಸಿದ್ದಳು. ಮೂರು ದೋಣಿ ತಿರುಗಿದವು. ಉಳಿದವರಿಗೆ ಮೆಸೇಜು ತಡವಾಗಿ ಮುಟ್ಟಿತಂತೆ. ಹೊರಲು ನಾಲ್ಕನೇ ಹೆಗಲು ಸಿಗದೆ ಐಸ್ ಪ್ಲಾಂಟಿನ ವಾಚ್‌ಮನ್ನನ್ನು ಕರೆಯಬೇಕಾಯಿತು.

ಅದನ್ನು ಅಂಗಳದಲ್ಲಿ ನಿಂತು ನೋಡಿದವಳು ಗಂಗಿ. ನಲವತ್ತು ವರ್ಷ ಶಿರಾಲಿಯ ಮನೆಮನೆಗೆ ಮೀನಿನ ಬುಟ್ಟಿ ಹೊತ್ತವಳು. ಗಂಡನೂ ಇಲ್ಲ, ಮಕ್ಕಳೂ ಇಲ್ಲ. "ನನ್ನ ಹೊತ್ತಿಗೆ ನಾಕು ಜನ ಸಿಕ್ಕರೆ ಸಾಕು ಮಾದೇವಿ. ವಾಚ್‌ಮನ್ ಬ್ಯಾಡ, ಅವ ಕುಂಟ್ತಾನೆ" ಎಂದಿದ್ದಳು. ಅವಳು ನಗಲಿಲ್ಲ, ಮಾದೇವಿಯೂ ನಗಲಿಲ್ಲ. ಮಾದೇವಿಯ ಗಂಡ ಕಡಲಲ್ಲಿ ತೀರಿಕೊಂಡ ವರ್ಷ ಅವಳ ಮನೆಯ ಬಾಗಿಲಿಗೆ ದಿನಾ ಎರಡು ಬಂಗುಡೆ ಮೀನು ಇಟ್ಟು, ಕರೆಯದೆ, ತಿರುಗಿ ನೋಡದೆ ಹೋಗುತ್ತಿದ್ದವಳು ಈ ಗಂಗಿ. ಮಾದೇವಿಗೆ ಅವಳೆಂದರೆ ಹೆತ್ತ ತಾಯಿಗಿಂತ ಒಂದು ಹಿಡಿ ಹೆಚ್ಚು ಪ್ರೀತಿ.

ನವೆಂಬರಿನ ಒಂದು ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಗಂಗಿ ತೀರಿಕೊಂಡಳು. ಮಾದೇವಿ ಅವಳ ಕಣ್ಣು ಮುಚ್ಚಿಸಿ, ನೆಟ್ಟಗೆ ಆಫೀಸಿಗೆ ಬಂದು ಬೀಗ ತೆಗೆದು ಫೋನು ಕೈಗೆತ್ತಿಕೊಂಡಳು. ದೋಣಿಗಳು ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಹೋಗಿ ಮುಟ್ಟಿದ್ದವು. ಹಿಂದಿನ ಎರಡು ದಿನವೂ ಒಳ್ಳೆಯ ಮೀನು ಬಿದ್ದಿತ್ತು, ಇವತ್ತು ಗಂಗಿಗಾಗಿ ಯಾರೂ ತಿರುಗುವುದಿಲ್ಲ. ಮಾದೇವಿ ಐದು ಒತ್ತಿದಳು. 'ಸಾವು' ಎಂಬುದರ ಮುಂದೆ ಹೆಸರಿಗೆ ಬಿಟ್ಟ ಜಾಗ ಮಿನುಗುತ್ತಿತ್ತು. ಗಂಗಿ ಎಂದರೆ ಇಂಗ್ಲಿಷಿನಲ್ಲಿ ಐದು ಅಕ್ಷರ, ಎಂಟು ಒತ್ತು. ಹೆಬ್ಬೆರಳು ತಾನಾಗಿ ಅತ್ತ ಹೋಯಿತು. ಮಾದೇವಿ ಅದನ್ನು ಎಳೆದುಕೊಂಡಳು, ಜಾಗವನ್ನು ಖಾಲಿ ಬಿಟ್ಟಳು, ಕಳಿಸಿದಳು.

ಅರವತ್ಮೂರು ದೋಣಿಗಳಲ್ಲಿ ಅರವತ್ಮೂರೂ ತಿರುಗಿದವು. ಈ ಸಲ ಯಾರಿಗೂ ತಡವಾಗಿ ಮುಟ್ಟಲಿಲ್ಲ.

ಹೆಸರಿಲ್ಲದ ಸಾವು ಯಾರ ಮನೆಯದಾದರೂ ಆಗಬಹುದು. ಮೊದಲು ಪ್ರತಿಯೊಬ್ಬನೂ ತನ್ನ ಮನೆಗೆ ಓಡಿ ಎಲ್ಲರನ್ನೂ ಎಣಿಸಿದ. ಎಣಿಕೆ ಸರಿಯಾದ ಮೇಲೆ ಯೋಚನೆ ನೆಟ್ಟಗೆ ಮಾಬ್ಲೇಶ್ವರನ ತಾಯಿಯ ಕಡೆ ಹೋಯಿತು. ತೊಂಬತ್ತು ದಾಟಿದ ಆಕೆ ಹೋದ ವಾರವಷ್ಟೇ ಭಟ್ಕಳದ ಆಸ್ಪತ್ರೆಯಿಂದ ಬಂದಿದ್ದಳು. ಎಂಟು ಗಂಟೆಗೆ ಅಧ್ಯಕ್ಷರ ಅಂಗಳದಲ್ಲಿ ಇನ್ನೂರು ಜನ ಕಟ್ಟಿಗೆ, ಕಾಯಿ ಹಿಡಿದು ಮುಖ ಸಣ್ಣದು ಮಾಡಿ ನಿಂತಿದ್ದರು. ಮುದುಕಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಎಂತ ಆತ್ರೋ? ಯಾರು ಸತ್ರು?" ಎಂದು ಕೇಳಿದಳು.

ಅಂಗಳದ ಬೇಲಿಯ ದಣಪೆಯ ಹತ್ತಿರ ನಿಂತಿದ್ದ ಮಾದೇವಿ, "ಗಂಗಿ, ಅಮ್ಮಾ" ಎಂದಳು.

ಗುಂಪಿನಲ್ಲಿ ಒಂದು ಸಣ್ಣ ಗೊಣಗಾಟ ಎದ್ದಿತು. ಹಿಂದಿದ್ದ ಒಂದಿಬ್ಬರು ಮೆಲ್ಲಗೆ ತಿರುಗಿದರು. ಮುದುಕಿ ಕುಟ್ಟುವುದನ್ನು ನಿಲ್ಲಿಸಿದಳು.

"ಸಾವಿಗೆ ಅಂತ ಹೊರಟ ಕಟ್ಟಿಗೆ ವಾಪಸ್ ಮನೆ ಒಳಗೆ ಹೋಗೂಕಾಗ. ಯಾರ ಮನೆಗೆ ತಕಂಡ್ಹೋಗ್ತ್ರಿ, ಹೇಳಿ" ಎಂದಳು. ಮಗನ ಕಡೆ ತಿರುಗಿದಳು. "ಮಾಬ್ಲು, ನೀ ಮುಂದೆ ನಡಿ."

ಹೀಗೆ ಗಂಗಿಯ ಹಿಂದೆ ಇನ್ನೂರು ಜನ ನಡೆದರು, ಅಧ್ಯಕ್ಷರು ಹೆಗಲು ಕೊಟ್ಟರು. ಕಟ್ಟಿಗೆ ಎಷ್ಟು ಸೇರಿತೆಂದರೆ ಚಿತೆ ಎದೆಮಟ್ಟ ಎದ್ದು ಇನ್ನೂ ಉಳಿಯಿತು. ಕುಂಟುವ ವಾಚ್‌ಮನ್ನೂ ಬಂದಿದ್ದ. ಅವನಿಗೆ ಹೊರಲು ಸರದಿ ಸಿಗಲಿಲ್ಲ. ಮಾದೇವಿ ಎಲ್ಲರಿಗಿಂತ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ದುಃಖ ಇತ್ತು, ಅದರ ಜೊತೆಗೆ ದೊಡ್ಡ ಸಮಾಧಾನವೂ ಇತ್ತು.

ಅದೇ ದಿನ ಹೊನ್ನಾವರದ ದೋಣಿಗಳಿಗೆ ಬಂಗುಡೆ ಮೊಗೆಮೊಗೆದು ಸಿಕ್ಕಿತು. ಸುದ್ದಿ ಬಂದ ಮೇಲೆ ಊರಿನ ಭಕ್ತಿ ಇಳಿಯಿತು. ಗುರುವಾರ ಕಮಿಟಿ ಕೂತಿತು.

"ಹೆಸರು ಯಾಕೆ ಹಾಕಿಲ್ಲ?" ಎಂದು ಪ್ರಮೋದ ಕೇಳಿದ. "ಬೇಕಂತ ಬಿಟ್ಟದ್ದೋ, ತಪ್ಪಿ ಹೋದದ್ದೋ?"

ಬೇಕೆಂದೇ ಬಿಟ್ಟೆ ಎಂದರೆ ಊರಿಗೆ ಊರೇ ಮೋಸಹೋದಂತೆ. ಆ ಇನ್ನೂರು ಜನರಲ್ಲಿ ಪ್ರತಿಯೊಬ್ಬನೂ ಸಾಯುವವರೆಗೆ ಗಂಗಿಯ ಹೆಸರೆತ್ತಿ ಆಡಿಕೊಳ್ಳುತ್ತಾನೆ. ತಪ್ಪಿ ಹೋಯಿತು ಎಂದರೆ ಬೈಗುಳ ಮಾದೇವಿಯೊಬ್ಬಳಿಗೇ. ಆದರೂ ಒಂಬತ್ತು ವರ್ಷ ಒಂದೂ ತಪ್ಪು ಮಾಡದವಳಿಗೆ ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ನುಂಗಲಾರದ ತುತ್ತಾಗಿತ್ತು.

"ತಪ್ಪಿ ಹೋತು" ಎಂದಳು. "ಹೆಸರು ಹಾಕಿಲ್ಲ ಅಂತ ಗೊತ್ತಾಗಿಲ್ಲ."

"ನಾ ಹೇಳಿದ್ನಲ್ಲ" ಎಂದ ಪ್ರಮೋದ. ಮಾದೇವಿ ಸೊಂಟದಿಂದ ಫೋನು ತೆಗೆದು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟಳು. ಮಾಬ್ಲೇಶ್ವರ ಕಿಟಕಿಯ ಹೊರಗೆ ನೋಡುತ್ತಿದ್ದ.

ಮರುದಿನ ರಂಜಿತಾ ಫೋನು ಹಿಡಿದು ಕೂತಳು. ಐದನೇ ಮೆಸೇಜು ತೆರೆದು, ಹೆಸರಿನ ಜಾಗ ಖಾಲಿ ಬಿಟ್ಟು, ತನ್ನ ಮೊಬೈಲಿಗೆ ಮಾತ್ರ ಕಳಿಸಿ ನೋಡಲು ಹೊರಟಳು. ಕಳಿಸುವ ಗುಂಡಿ ಒತ್ತಿದವಳು ತಲೆಯೆತ್ತಿದಳು.

"ಮಾದೇವಕ್ಕ, ಇದು ಹೆಸರಿಲ್ದೆ ಸುಮ್ನೆ ಹೋಗೂದಿಲ್ಲ. ಹೆಸರು ಖಾಲಿ ಅದೆ, ಆದ್ರೂ ಕಳ್ಸೂದಾ ಅಂತ ಕೇಳ್ತದೆ. ಹೌದು ಅಂತ ಒತ್ತಿದ್ರೆ ಮತ್ತೂ ಕೇಳ್ತದೆ. ಎರಡು ಸಲ ಕೇಳ್ತದಲ್ಲ ಇದು?"

"ಮೂರು ಸಲ" ಎಂದು ಮಾದೇವಿ ಕಸಬರಿಗೆ ಎತ್ತಿಕೊಂಡಳು.